ಕೈತೊಳೆಯುವ ಪ್ರಾಧಿಕಾರ

ಗಂಡನ ಆಫೀಸಿನ ಹೆಸರನ್ನು ಶರ್ಲಿ ಒಂದು ಸಲವೂ ಪೂರ್ತಿ ಹೇಳಿದವಳಲ್ಲ. 'ಸಾರ್ವಜನಿಕ ಆರೋಗ್ಯ ಜಾಗೃತಿ ಪ್ರಾಧಿಕಾರ' ಎಂದು ಹೇಳಿ ಮುಗಿಸುವಷ್ಟರಲ್ಲಿ ಒಬ್ಬ ರೋಗಿಯ ಗಾಯಕ್ಕೆ ಪಟ್ಟಿ ಕಟ್ಟಿ ಮುಗಿಸಬಹುದು ಎಂಬುದು ಅವಳ ವಾದ. ಕುವೈತಿನಲ್ಲಿ ರಜೆಯ ದಿನವಾದ ಶುಕ್ರವಾರದ ಪೂಜೆ ಮುಗಿದು ಜನ ಚರ್ಚಿನ ಅಂಗಳದಲ್ಲಿ ಗುಂಪುಗೂಡಿದಾಗ ಯಾರಾದರೂ ಹೊಸಬರು, "ನಿಮ್ಮ ಯಜಮಾನರು ಎಲ್ಲಿ ಕೆಲಸ?" ಎಂದು ಕೇಳಿದರೆ, "ಕೈತೊಳೆಯುವ ಆಫೀಸಿನಲ್ಲಿ" ಎನ್ನುತ್ತಿದ್ದಳು. ಪಕ್ಕದಲ್ಲೇ ನಿಂತ ಫ್ರೆಡ್ರಿಕ್ ಟೈ ಸರಿಮಾಡಿಕೊಂಡು, "ಗವರ್ನಮೆಂಟ್ ಅಥಾರಿಟಿ" ಎಂದು ತಿದ್ದುತ್ತಿದ್ದ. ಪೂಜೆಗೂ ಟೈ ಕಟ್ಟಿಕೊಂಡು ಬರುವ ಮನುಷ್ಯ ಆತ.

ಆ ಪ್ರಾಧಿಕಾರದ ಚಿಹ್ನೆಯೇ ಹಾಗಿತ್ತು. ಎರಡು ಕೈ, ಅವುಗಳ ಮೇಲೊಂದು ನೀರಿನ ಹನಿ. ಮಂಗಾಫ್‌ನ ಅವರ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಆ ಕೈಗಳಿಲ್ಲದ ವಸ್ತು ಹುಡುಕುವುದೇ ಕಷ್ಟ. ನೀರಿನ ಬಾಟಲಿ, ಕೊಡೆ, ಟೊಪ್ಪಿ, ಹಲ್ಲುಜ್ಜುವ ಬ್ರಶ್, ಹೃದಯದ ಆಕಾರದ ಸ್ಪಂಜಿನ ಚೆಂಡು, ಎಲ್ಲವನ್ನೂ ಫ್ರೆಡ್ರಿಕ್ ಚೀಲ ತುಂಬಿಸಿ ತರುತ್ತಿದ್ದ. ಹೃದಯದ ಚೆಂಡನ್ನು ಶರ್ಲಿ ಸಿಂಕು ಉಜ್ಜಲು ಬಳಸಿದಳು. ಮಗಳು ಜಾನಿಸ್ ಶಾಲೆಗೆ ಆ ಬಾಟಲಿ ಒಯ್ಯಲು ಒಪ್ಪಲಿಲ್ಲ. "ಮಾಮ್, ಇಟ್ಸ್ ಸೋ ಎಂಬರಸಿಂಗ್" ಎಂದಳು. ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಸಿಟ್ಟಾಗುವ ಶರ್ಲಿ ಆ ದಿನ ಮಾತ್ರ ಸಿಟ್ಟಾಗಲಿಲ್ಲ.

ಅವಳ ತವರು ಉಡುಪಿ ಹತ್ತಿರದ ಶಂಕರಪುರ. ಮನೆಯಲ್ಲಿ ಮಲ್ಲಿಗೆ ಬೆಳೆಯುತ್ತಿದ್ದರು. ಶಾಲೆಗೆ ಹೋಗುವ ಮೊದಲು ಬಾಳೆನಾರಿನಲ್ಲಿ ಮೊಗ್ಗು ಕಟ್ಟುವ ಕೆಲಸ ಮಕ್ಕಳದ್ದು. ಎಷ್ಟೇ ಒತ್ತಾಗಿ, ಎಷ್ಟೇ ಚೆಂದವಾಗಿ ಕಟ್ಟಿದರೂ ಸಂಜೆಗೆ ಅದು ಬಾಡುವುದೇ ಎಂಬ ಜ್ಞಾನ ಅವಳಿಗೆ ಫ್ರಾಕು ತೊಡುವ ವಯಸ್ಸಿನಲ್ಲೇ ಬಂದಿತ್ತು. ಅಲಂಕಾರದ ಮೇಲೆ ಅವಳಿಗಿದ್ದ ತಾತ್ಸಾರ ಶುರುವಾದದ್ದು ಬಹುಶಃ ಅಲ್ಲಿಂದ. ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಇಪ್ಪತ್ತನಾಲ್ಕಕ್ಕೆ ಕುವೈತಿಗೆ ಬಂದು, ಒಂದು ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿಗೆ ಸೇರಿದವಳು ಮತ್ತೆ ಆ ವಾರ್ಡು ಬಿಟ್ಟು ಕದಲಲಿಲ್ಲ. ಮೂತ್ರಪಿಂಡ ಕೈಕೊಟ್ಟವರನ್ನು ಯಂತ್ರಕ್ಕೆ ಜೋಡಿಸಿ ರಕ್ತ ತೊಳೆಯುವ ಜಾಗ ಅದು. ವಾರಕ್ಕೆ ಮೂರು ಸಲ ಅದೇ ಮುಖಗಳು, ಅದೇ ತೋಳುಗಳು.

ವಾರ್ಡಿನಲ್ಲಿ ಅವಳ ನಾಲಿಗೆಗೆ ಹೆದರದವರಿಲ್ಲ. ನರ ಸಿಗದೆ ನಾಲ್ಕು ಕಡೆ ಚುಚ್ಚುವ ಹೊಸ ಡಾಕ್ಟರು, ದಿಂಬಿನಡಿ ಖರ್ಜೂರ ಬಚ್ಚಿಡುವ ರೋಗಿ, ಕಿತ್ತಳೆಯ ಬುಟ್ಟಿ ಹಿಡಿದು ಬರುವ ಬಂಧುಗಳು, ಮೇಲಿನವರು ಕೆಮ್ಮಿದರೂ ತಲೆಯಾಡಿಸುವ ಹೆಡ್ ನರ್ಸ್ ಮೊಲ್ಲಿ, ಯಾರನ್ನೂ ಅವಳು ಬಿಡುತ್ತಿರಲಿಲ್ಲ. ಆದರೆ ಬಾಯಿ ಬೈಯುತ್ತಿರುವಾಗಲೂ ಅವಳ ಕೈ ನೋವಾಗದಂತೆ ಸೂಜಿ ಹಾಕುತ್ತಿತ್ತು. ಅದಕ್ಕೇ ರೋಗಿಗಳು ಅವಳ ಪಾಳಿಯನ್ನು ಕೇಳಿ ಪಡೆಯುತ್ತಿದ್ದರು.

ಫ್ರೆಡ್ರಿಕ್ ಬಿ.ಕಾಂ. ಓದಿ ಒಂದು ಕಟ್ಟಡ ಕಂಪನಿಯಲ್ಲಿ ಟೈಪು ಮಾಡುತ್ತಿದ್ದವನು. ಯಾರದ್ದೋ ಪರಿಚಯದಿಂದ ಪ್ರಾಧಿಕಾರಕ್ಕೆ 'ಕೋಆರ್ಡಿನೇಟರ್' ಆಗಿ ಸೇರಿದ. ಆಫೀಸು ಇದ್ದದ್ದು ಕೈಗಾರಿಕಾ ಬಡಾವಣೆ ರಾಯ್‌ನಲ್ಲಿ, ಬಚ್ಚಲುಮನೆಯ ಸಾಮಾನು ಮಾರುವ ದೊಡ್ಡ ಷೋರೂಮಿನ ಮೇಲಿನ ಮಹಡಿಗಳಲ್ಲಿ. "ಕೆಳಗೆ ಕಮೋಡು, ಮೇಲೆ ಜಾಗೃತಿ" ಎಂದು ಶರ್ಲಿ ಹೇಳುತ್ತಿದ್ದಳು. ಆ ಎರಡರಲ್ಲಿ ಜನರಿಗೆ ಉಪಯೋಗಕ್ಕೆ ಬರುವುದು ಯಾವುದು ಎಂಬ ಬಗ್ಗೆ ಅವಳಿಗೆ ಅನುಮಾನವಿರಲಿಲ್ಲ.

ಆಫೀಸಿನ ಮುಖ್ಯಸ್ಥನನ್ನು ಎಲ್ಲರೂ 'ಮುದೀರ್' ಎಂದೇ ಕರೆಯುತ್ತಿದ್ದರು. ಮೂರು ಮೊಬೈಲು, ತನಗಿಂತ ಮೊದಲು ಕೋಣೆಯೊಳಗೆ ಬರುವ ಅತ್ತರಿನ ಪರಿಮಳ, ಕ್ಯಾಮೆರಾ ಕಂಡ ಕೂಡಲೇ ಎಡಕ್ಕೆ ಸ್ವಲ್ಪ ವಾಲುವ ಮುಖ. ಶರ್ಲಿ ಅವನನ್ನು ಹತ್ತಿರದಿಂದ ನೋಡಿದ್ದು ಒಂದು ಮೂತ್ರಪಿಂಡ ದಿನಾಚರಣೆಯಲ್ಲಿ. ಅವಳ ವಾರ್ಡೇ ಬೇಕೆಂದು ಪ್ರಾಧಿಕಾರದವರು ಕ್ಯಾಮೆರಾ ಸಮೇತ ಬಂದಿದ್ದರು. ಮುಂದೆ ಮುದೀರ್, ಹಿಂದೆ ಫ್ರೆಡ್ರಿಕ್, ಫ್ರೆಡ್ರಿಕ್‌ನ ಕೈಯಲ್ಲಿ ಟ್ರೇ, ಟ್ರೇಯಲ್ಲಿ ಮೂತ್ರಪಿಂಡದ ಆಕಾರದ ಒಂದು ದೊಡ್ಡ ಚಾಕಲೇಟ್ ಕೇಕು. ಕೇಕಿನ ಮೇಲೆ ಬಾಳೆಹಣ್ಣಿನ ಬಿಲ್ಲೆಗಳು. ಪೊಟ್ಯಾಸಿಯಂ ಹೊರಹಾಕಲಾಗದ ಆ ವಾರ್ಡಿನ ರೋಗಿಗಳಿಗೆ ಚಾಕಲೇಟೂ ವಿಷ, ಬಾಳೆಹಣ್ಣೂ ವಿಷ.

ಅಷ್ಟು ಸಾಲದೆಂಬಂತೆ ಬಾಗಿಲ ಬಳಿ ಆಳೆತ್ತರದ ಫಲಕ ನಿಲ್ಲಿಸಿದರು. 'ದಿನಕ್ಕೆ ಎಂಟು ಲೋಟ ನೀರು ಕುಡಿಯಿರಿ!' ದಿನಕ್ಕೆ ಎರಡು ಲೋಟ ನೀರನ್ನು ಅಳೆದು, ಬಾಯಿ ತೀರಾ ಒಣಗಿದರೆ ಮಂಜುಗಡ್ಡೆಯ ಚೂರು ಚೀಪಿ ಬದುಕುತ್ತಿದ್ದವರು ಮಂಚಗಳಲ್ಲಿ ಮಲಗಿ ಅದನ್ನು ಓದಿದರು. ಪ್ರತಿಯೊಬ್ಬರಿಗೂ ಉಡುಗೊರೆಯಾಗಿ ಒಂದು ನೀರಿನ ಬಾಟಲಿ.

"ಸಿಸ್ಟರ್," ಎಂದು ಕಿಟಕಿಯ ಬಳಿಯ ಮುದುಕ ಆಸೆಯಿಂದ ಕೇಳಿದ, "ಸರ್ಕಾರವೇ ಹೇಳಿದೆಯಲ್ಲ?"

ಶರ್ಲಿ ಫಲಕವನ್ನು ಎತ್ತಿ ಗೋಡೆಗೆ ಮುಖಮಾಡಿ ನಿಲ್ಲಿಸಿದಳು. ಆಮೇಲೆ ಮುದೀರ್‌ನ ಕೈಗೆ ಚಾಕು ಕೊಟ್ಟು, "ಎಡದ ಕಿಡ್ನಿ ಕತ್ತರಿಸ್ತೀರಾ ಸರ್, ಬಲದ್ದಾ?" ಎಂದು ಕೇಳಿದಳು. ಅವನು ನಕ್ಕ, ಚೆನ್ನಾದ ಜೋಕೆಂದುಕೊಂಡ.

ಪ್ರಾಧಿಕಾರ ರದ್ದಾದ ಸುದ್ದಿ ಬಂದದ್ದು ಅದಾದ ಮರುವರ್ಷ, ರಮ್ಜಾನಿಗೆ ಸ್ವಲ್ಪ ಮೊದಲು. ಶರ್ಲಿ ಬಂಗುಡೆ ಕೊಯ್ಯುತ್ತಿದ್ದಳು. ಫ್ರೆಡ್ರಿಕ್ ಬೂಟು ಕಳಚದೆ ನೇರ ಅಡುಗೆಮನೆಗೆ ಬಂದು ಫ್ರಿಜ್ಜಿಗೆ ಒರಗಿ ನಿಂತ. ಅವರಿಬ್ಬರ ಮಾತು ಕೊಂಕಣಿಯಲ್ಲಿ ಶುರುವಾಗಿ, ಸಿಟ್ಟು ಬಂದಾಗ ಕನ್ನಡಕ್ಕೆ, ಆಫೀಸಿನ ಸುದ್ದಿ ಬಂದಾಗ ಇಂಗ್ಲಿಷಿಗೆ ಹೊರಳುವುದು ರೂಢಿ.

"ನಮ್ಮನ್ನು ಅಬಾಲಿಶ್ ಮಾಡಿದ್ರು, ಶರ್ಲು."

"ಯಾರನ್ನು?"

"ಅಥಾರಿಟಿಯನ್ನು. ಖಲಾಸ್. ಎಲ್ಲ ಫಂಕ್ಷನ್ಸ್ ಮಿನಿಸ್ಟ್ರಿಗೆ ಟ್ರಾನ್ಸ್‌ಫರ್ ಅಂತೆ."

"ಫಂಕ್ಷನ್ ಅಂದ್ರೆ ಎಂತದು, ಕೇಕ್ ಕಟ್ ಮಾಡುವುದಾ?"

"ತಮಾಷೆ ಮಾಡಬೇಡ. ನನ್ನ ಇಕಾಮಾ ಎಂತ ಆಗ್ತದೋ, ಈ ದೇಶದಲ್ಲಿ ಇರ್ಲಿಕ್ಕೆ ಬಿಡ್ತಾರೋ ಇಲ್ವೋ ಗೊತ್ತಿಲ್ಲ. ಇಷ್ಟು ವರ್ಷ ಕಟ್ಟಿದ ಸಂಸ್ಥೆ..."

"ಎಂತ ಕಟ್ಟಿದ್ದೀರಿ? ಬಲೂನು ಕಟ್ಟಿದ್ದೀರಿ." ಅವಳು ಮೀನಿನ ಕಿವಿರನ್ನು ಕಿತ್ತು ಸಿಂಕಿಗೆ ಎಸೆದಳು. "ನಿಮ್ಮ ಆಫೀಸು ಮುಚ್ಚಿದ್ರೆ ಈ ದೇಶದಲ್ಲಿ ಒಬ್ಬನೇ ಒಬ್ಬ ಮನುಷ್ಯನಿಗೆ ಗೊತ್ತಾಗ್ಲಿಕ್ಕಿಲ್ಲ. ಬರೆದಿಟ್ಕೋ."

ಗಂಡನ ಮುಖ ನೋಡಿದಾಗ ಅವಳಿಗೆ ಸ್ವಲ್ಪ ಕನಿಕರ ಬಂದದ್ದು ಹೌದು. ಒಂದು ಬಂಗುಡೆ ಹೆಚ್ಚು ಹುರಿದು ಬಡಿಸಿದಳು. ಅಭಿಪ್ರಾಯವನ್ನೇನೂ ಬದಲಿಸಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಊಟದ ಹೊತ್ತಿನ ಮನರಂಜನೆಗೆ ಕೊರತೆಯಿರಲಿಲ್ಲ. ಪ್ರಾಧಿಕಾರದ ಕೆಲಸಗಳನ್ನೂ ಸಾಮಾನುಗಳನ್ನೂ ಹಂಚಲು ಒಂದು ಸಮಿತಿಯಾಯಿತು. ಫ್ರೆಡ್ರಿಕ್ ಅದರ ಕಾರ್ಯದರ್ಶಿ. ಮನೆಗೆ ಬಂದು ಗಂಭೀರವಾಗಿ ವರದಿ ಒಪ್ಪಿಸುತ್ತಿದ್ದ. ಮೂರು ಇಲಾಖೆಗಳ ಹಿರಿಯರು ಒಂದು ಬೆಳಗಿನ ಪೂರ್ತಿ ಜಗಳವಾಡಿದ್ದು ಸ್ವಾಗತ ಕೋಣೆಯ ಮೀನಿನ ತೊಟ್ಟಿಗಾಗಿ. 'ಒತ್ತಡ ನಿವಾರಣಾ ಅಭಿಯಾನ'ಕ್ಕೆಂದು ತರಿಸಿದ್ದ ಮಸಾಜ್ ಕುರ್ಚಿಗೆ ಇಬ್ಬರು ಹಕ್ಕುದಾರರು. ಪ್ರಾಧಿಕಾರದ ಇನ್‌ಸ್ಟಾಗ್ರಾಂ ಖಾತೆಯನ್ನು ಬಿಟ್ಟುಕೊಡಲು ಮುದೀರ್ ಕೊನೆಗೂ ಒಪ್ಪಲೇ ಇಲ್ಲ. ಅದು ಸಂಸ್ಥೆಯ ಆತ್ಮ ಎಂದನಂತೆ. ಶರ್ಲಿ ನಕ್ಕೂ ನಕ್ಕೂ ಅನ್ನ ನೆತ್ತಿಗೆ ಹತ್ತಿಸಿಕೊಂಡಳು.

ನಗು ನಿಂತದ್ದು ಒಂದು ಭಾನುವಾರ ಬೆಳಿಗ್ಗೆ. ಪಾಳಿಗೆ ಬಂದವಳಿಗೆ ವಾರ್ಡಿನ ಕಾರಿಡಾರಿನಲ್ಲಿ ನಡೆಯಲು ಜಾಗವಿರಲಿಲ್ಲ. ಸಲೈನಿನ ಪೆಟ್ಟಿಗೆಗಳು, ರಕ್ತ ಸೋಸುವ ಫಿಲ್ಟರಿನ ಪೆಟ್ಟಿಗೆಗಳು, ಎಲ್ಲವನ್ನೂ ಉಗ್ರಾಣದಿಂದ ಹೊರಗೆಳೆದು ಗೋಡೆಯುದ್ದಕ್ಕೂ ಪೇರಿಸಿದ್ದರು. ಉಗ್ರಾಣದ ಬಾಗಿಲಿಗೆ ಹೊಸ ಹಿತ್ತಾಳೆಯ ಫಲಕ: 'ನಿರ್ದೇಶಕರು, ಆಸ್ಪತ್ರೆ ಜಾಗೃತಿ ವಿಭಾಗ'. ಒಳಗಿಂದ ಅತ್ತರಿನ ವಾಸನೆ.

"ಮೇಲಿನಿಂದ ಆರ್ಡರ್, ಶರ್ಲಿ," ಎಂದಳು ಮೊಲ್ಲಿ. "ಅವರ ಕೆಲಸ ಎಲ್ಲ ಈಗ ಆಸ್ಪತ್ರೆಗಳಿಗೆ ಬಂದಿದೆ. ನಮ್ಮ ವಾರ್ಡು ಮಾಡೆಲ್ ವಾರ್ಡಂತೆ."

"ಅವರಿಗೆ ಕೆಲಸ ಇತ್ತಾ ಟ್ರಾನ್ಸ್‌ಫರ್ ಮಾಡ್ಲಿಕ್ಕೆ?"

ಇತ್ತು ಎಂದು ಗೊತ್ತಾದದ್ದು ಸುತ್ತೋಲೆ ಓದಿದಾಗ. ತಿಂಗಳಿಗೊಂದು ಜಾಗೃತಿ ದಿನ. ಪ್ರತಿ ಪಾಳಿಯ ಮೊದಲು ನರ್ಸುಗಳಿಂದ ಹತ್ತು ನಿಮಿಷದ ಕೈತೊಳೆಯುವ ಪ್ರಾತ್ಯಕ್ಷಿಕೆ, ಅದರ ಫೋಟೋ, ವಿಡಿಯೋ. ಇಷ್ಟು ವರ್ಷ ನೂರಾರು ಮಂದಿ ಸೇರಿ ಮಾಡದೆ ಇದ್ದದ್ದನ್ನು ಈಗ ಎಂಟು ನರ್ಸುಗಳು ಮಾಡಬೇಕಿತ್ತು. ಸಂಸ್ಥೆ ಸತ್ತಿತು, ಅದರ ದೆವ್ವ ಬಂದು ದುಡಿಯುವವರ ಹೆಗಲೇರಿತು.

ಫ್ರೆಡ್ರಿಕ್‌ನ ನೌಕರಿ ಉಳಿಯಿತು. ಮುದೀರ್‌ಗೆ ಸ್ಲೈಡು ಮಾಡಿಕೊಡಲು ಒಬ್ಬ ಬೇಕಿತ್ತು. ಲ್ಯಾಪ್‌ಟಾಪಿನ ಜೊತೆ ಚಾರ್ಜರ್ ತರುವ ಹಾಗೆ ಅವನನ್ನೂ ತಂದ. ಹಾಗಾಗಿ ಶರ್ಲಿಯ ಗಂಡ ಈಗ ಅವಳ ಉಗ್ರಾಣದಲ್ಲೇ ಮೂಲೆಯ ಮೇಜಿಗೆ ಕುಳಿತು, ಬೆಳಿಗ್ಗೆ ಹೊರಬಂದು, "ಸಿಸ್ಟರ್ಸ್, ಸ್ವಲ್ಪ ಸ್ಮೈಲ್" ಎಂದು ಫೋಟೋ ತೆಗೆಯುತ್ತಿದ್ದ. ಅವಳನ್ನೂ ಸಿಸ್ಟರ್ ಎಂದೇ ಕರೆಯುತ್ತಿದ್ದ. ಅದೊಂದು ವಿಷಯಕ್ಕೆ ಮನೆಯಲ್ಲಿ ಎರಡು ದಿನ ಒಲೆ ಹೊತ್ತಲಿಲ್ಲ.

ಒಂದು ಬೆಳಿಗ್ಗೆ ವಿಡಿಯೋ ನಡೆಯುತ್ತಿರುವಾಗಲೇ ಮೂರನೇ ಮಂಚದ ಯಂತ್ರ ಎಚ್ಚರಿಕೆಯ ಸದ್ದು ಮಾಡಿತು. ರೋಗಿಯ ರಕ್ತದೊತ್ತಡ ಕುಸಿಯುತ್ತಿತ್ತು. ಶರ್ಲಿ ಸೋಪಿನ ಕೈಯಲ್ಲೇ ಓಡಿದಳು. ಹಿಂದಿನಿಂದ ಮುದೀರ್, "ಆ ಸದ್ದು ಮೊದಲು ನಿಲ್ಲಿಸಿ, ಯಲ್ಲಾ, ವಿಡಿಯೋದಲ್ಲಿ ಬರ್ತಿದೆ" ಎಂದ. ಅವಳು ರೋಗಿಯ ಕಾಲು ಎತ್ತರಿಸಿ, ಸಲೈನು ಬಿಟ್ಟು, ನಾಡಿ ಹಿಡಿದು ನಿಂತು, ತಿರುಗಿ ನೋಡಿದಳು. ಬೈಗುಳ ಹುಡುಕಿದಳು. ಕೊಂಕಣಿಯಲ್ಲೂ ತುಳುವಿನಲ್ಲೂ ಅವಳಿಗೆ ಗೊತ್ತಿದ್ದ ಯಾವುದೂ ಆ ಮನುಷ್ಯನ ಅಳತೆಗೆ ಸಾಕಾಗಲಿಲ್ಲ.

ಹಸೈನಾರ್ ಆ ವಾರ್ಡಿಗೆ ಬಂದದ್ದು ಬೇಸಿಗೆಯ ಕೊನೆಯಲ್ಲಿ. ಪೇಟೆಯಿಂದ ದೂರ, ಮರಳುಗಾಡಿನ ವಫ್ರಾದ ಒಂದು ತೋಟದಲ್ಲಿ, ಸೌತೆ ಬೆಳೆಯುವ ಹಸಿರುಮನೆಯಲ್ಲಿ ಕೂಲಿ. ಮುಖ, ಕಾಲು ಊದಿಕೊಂಡು, ಉಸಿರು ಸಿಗದೆ ಬಿದ್ದವನನ್ನು ಜೊತೆಯವರು ತರಕಾರಿಯ ಪಿಕಪ್ಪಿನಲ್ಲಿ ಹಾಕಿಕೊಂಡು ಬಂದಿದ್ದರು. ಬಿಪಿ ಯಂತ್ರದ ಅಂಕಿಯನ್ನು ನಂಬದೆ ಶರ್ಲಿ ಎರಡು ಸಲ ನೋಡಿದಳು. ಎರಡೂ ಮೂತ್ರಪಿಂಡ ಹೋಗಿದ್ದವು. ವಯಸ್ಸು ನಲವತ್ತೂ ಆಗಿರಲಿಲ್ಲ.

ಎರಡನೇ ದಿನ ಉಸಿರು ಸರಿಯಾದ ಮೇಲೆ ಅವನ ಮಾತಿನ ಧಾಟಿಯಲ್ಲೇ ಊರಿನ ಕಡೆಯವನೆಂದು ಗೊತ್ತಾಯಿತು.

"ಎಲ್ಲಿಯವ ನೀನು?"

"ವಿಟ್ಲ, ಸಿಸ್ಟರ್. ಸಾಲೆತ್ತೂರು ಹತ್ತಿರ."

"ಬಿಪಿ ಉಂಟು ಅಂತ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು. ಮಾತ್ರೆ ತಿಂತಿದ್ದೆ."

"ಮತ್ತೆ ಯಾಕೆ ಬಿಟ್ಟಿ? ತಲೆಯಲ್ಲಿ ಎಂತ ತುಂಬಿಸಿದ್ದೀ, ಸೌತೆಕಾಯಿಯಾ?"

ಹಸೈನಾರ್‌ಗೆ ಬೈಗುಳದಿಂದ ಬೇಸರವಾದಂತೆ ಕಾಣಲಿಲ್ಲ. ಊರಿನ ಮಾತು ಕಿವಿಗೆ ಬಿದ್ದದ್ದೇ ಅವನಿಗೆ ಸಾಕಾಗಿತ್ತು. "ಬಿಟ್ಟದ್ದಲ್ಲ ಸಿಸ್ಟರ್, ಮುಗಿದದ್ದು. ವ್ಯಾನ್ ಬರ್ಲಿಲ್ಲ."

"ಯಾವ ವ್ಯಾನ್?"

"ಬಿಳಿ ವ್ಯಾನ್. ತಿಂಗಳಿಗೆ ಎರಡು ಸಲ ತೋಟಕ್ಕೆ ಬರ್ತಾ ಇತ್ತು. ಅಝರುದ್ದೀನ್ ಅಂತ ಡ್ರೈವರ್. ನಮ್ಮ ಪುತ್ತೂರು ಕಡೆಯ ಪುಷ್ಪಾವತಿ ಸಿಸ್ಟರ್ ಇದ್ರು. ಕೈಗೆ ಪಟ್ಟಿ ಕಟ್ಟಿ ನೋಡಿ ಮಾತ್ರೆ ಕೊಡ್ತಿದ್ರು. ರಮ್ಜಾನ್ ಕಳೆದ ಮೇಲೆ ಬರ್ಲೇ ಇಲ್ಲ. ರಜೆಯಲ್ಲಿರಬಹುದು ಅಂತ ಕಾದೆವು."

"ಕಾಯ್ತಾ ಕೂತದ್ದಾ? ಪೇಟೆಗೆ ಹೋಗಿ ತೆಗೊಳ್ಳಿಕ್ಕೆ ಆಗ್ಲಿಲ್ವಾ?"

"ಬಸ್ಸು ಎಲ್ಲುಂಟು ಸಿಸ್ಟರ್ ಅಲ್ಲಿ? ತೋಟದ ಧಣಿ ಕಫೀಲನ ಪಿಕಪ್ಪಿನಲ್ಲಿ ಮಾಲು ಹೋಗುವುದು, ನಾವು ಹೋಗುವುದಲ್ಲ. ಮಾತ್ರೆಯ ಹೆಸರೂ ಗೊತ್ತಿಲ್ಲ. ಸಣ್ಣದು, ಬಿಳಿ. ಬಕಾಲಾ ಅಂಗಡಿಯವನ ಹತ್ತಿರ ಕೇಳಿದ್ದಕ್ಕೆ ತಲೆನೋವಿನದ್ದು ಕೊಟ್ಟ."

ಶರ್ಲಿ ಅವನ ತೋಳಿನ ಪಟ್ಟಿ ಬಿಚ್ಚುತ್ತಾ ಕೇಳಿದಳು. "ವ್ಯಾನಿನ ಮೇಲೆ ಎಂತ ಬರೆದಿತ್ತು?"

"ನನಗೆ ಓದ್ಲಿಕ್ಕೆ ಬರುವುದಿಲ್ಲ. ಒಂದು ಚಿತ್ರ ಇತ್ತು. ಎರಡು ಕೈ, ಮೇಲೆ ನೀರಿನ ಹನಿ."

ಅವಳು ಪಟ್ಟಿಯನ್ನು ಸುತ್ತಿಟ್ಟಳು. ನಡೆದು ಹೋಗಿ ಹಿತ್ತಾಳೆ ಫಲಕದ ಬಾಗಿಲನ್ನು ತಟ್ಟದೆ ತೆರೆದಳು. ಮುದೀರ್ ಇರಲಿಲ್ಲ. ಫ್ರೆಡ್ರಿಕ್ ಒಂದು ಸ್ಲೈಡಿಗೆ ತಿಳಿ ನೀಲಿ ಒಳ್ಳೆಯದೋ ತಿಳಿ ಹಸಿರೋ ಎಂದು ಬದಲಿಸಿ ಬದಲಿಸಿ ನೋಡುತ್ತಿದ್ದ.

"ವಫ್ರಾಕ್ಕೆ ಹೋಗ್ತಿದ್ದ ವ್ಯಾನ್ ಯಾರದ್ದು?"

"ನಮ್ಮದು. ಯಾಕೆ? ಅದೊಂದು ಸಣ್ಣ ಆಕ್ಟಿವಿಟಿ. ಹಿಂದೆ ಯಾವಾಗಲೋ ಒಂದು ಉದ್ಘಾಟನೆಗೆ ಅಂತ ಶುರು ಮಾಡಿದ್ದು. ಮತ್ತೆ ಆ ಡ್ರೈವರೂ ಸಿಸ್ಟರೂ ಹೋಗ್ತಾನೇ ಇದ್ರು. ಯಾರೂ ನಿಲ್ಲಿಸಿ ಅಂತ ಹೇಳ್ಲಿಲ್ಲ, ಅಷ್ಟೆ."

"ಅದು ಯಾರಿಗೆ ಟ್ರಾನ್ಸ್‌ಫರ್ ಆಯಿತು?"

ಫ್ರೆಡ್ರಿಕ್ ಯೋಚಿಸಿದ. "ಯಾರಿಗೂ ಇಲ್ಲ. ಮೆಡಿಸಿನ್ ಇರುವ ಗಾಡಿ ನಮಗೆ ಬೇಡ ಅಂತ ವಾಹನದವರು ಹೇಳಿದ್ರು. ಗಾಡಿ ಇರುವ ಮೆಡಿಸಿನ್ ನಮಗೆ ಬೇಡ ಅಂತ ಇನ್ನೊಬ್ಬರು. ಮುದೀರ್ ಹೇಳಿದ್ರು, ವಫ್ರಾದಲ್ಲಿ ವಿಸಿಬಿಲಿಟಿ ಇಲ್ಲ, ಬಿಡಿ ಅಂತ. ಮುಂದಿನ ಮೀಟಿಂಗಿಗೆ ಇಟ್ರು. ಮುಂದಿನ ಮೀಟಿಂಗಿನಲ್ಲಿ ಮೀನಿನ ತೊಟ್ಟಿ ಬಂತು."

"ನೀನು ಎಂತ ಹೇಳಿದಿ?"

"ನಾನಾ? ನಾನು ಮಿನಿಟ್ಸ್ ಬರೀತಿದ್ದೆ."

ಮದುವೆಯಾದಂದಿನಿಂದ ಶರ್ಲಿ ಗಂಡನನ್ನು ಹಲವು ಬಗೆಯಲ್ಲಿ ತಾತ್ಸಾರ ಮಾಡಿದ್ದಳು. ಆದರೆ ಅದರಲ್ಲಿ ಯಾವಾಗಲೂ ಸ್ವಲ್ಪ ನಗೆಯ ಒಗ್ಗರಣೆ ಇರುತ್ತಿತ್ತು. ಈಗ ಇರಲಿಲ್ಲ. ಒಳ್ಳೆಯ ಅಂಗಿ, ನೇರ ಬೈತಲೆ, ಶುದ್ಧವಾದ ಉಗುರು. ಎಂಥ ನಿರುಪದ್ರವಿ ಮನುಷ್ಯ ಎಂದು ಊರೆಲ್ಲ ಹೇಳುತ್ತಿತ್ತು. ನಿರುಪದ್ರವಿ! ಗೋಡೆಯಾಚೆಯ ಮಂಚದಲ್ಲಿ ಹಸೈನಾರ್ ಊದಿಕೊಂಡು ಮಲಗಿದ್ದಾನೆ.

"ನಿನ್ನ ಆಫೀಸಿನಲ್ಲಿ ಕೆಲಸ ಅಂತ ಮಾಡಿದವರು ಇಬ್ಬರೇ," ಎಂದಳು. "ಆ ಇಬ್ಬರ ಹೆಸರು ನಿನಗೆ ಗೊತ್ತುಂಟಾ?"

ಅವನು ಲ್ಯಾಪ್‌ಟಾಪಿನಲ್ಲಿ ಹಳೆಯ ಸಿಬ್ಬಂದಿ ಪಟ್ಟಿ ಹುಡುಕತೊಡಗಿದ. ಗೊತ್ತಿರಲಿಲ್ಲ.

ಬಾಗಿಲನ್ನು ದಡಕ್ಕನೆ ಎಳೆದುಕೊಂಡು ಹೊರಬಂದಾಗ, ಮೀನು ಕೊಯ್ಯುತ್ತಾ ತಾನಾಡಿದ್ದ ಮಾತು ಅವಳಿಗೆ ನೆನಪಾಯಿತು. ಒಬ್ಬನೇ ಒಬ್ಬ ಮನುಷ್ಯನಿಗೆ ಗೊತ್ತಾಗಲಿಕ್ಕಿಲ್ಲ ಎಂದಿದ್ದಳು. ಅದನ್ನು ಯಾರೊಂದಿಗೂ ಹೇಳಿಕೊಳ್ಳಲಿಲ್ಲ, ಹೇಳಿಕೊಳ್ಳುವ ಜಾತಿಯವಳಲ್ಲ.

ಪುಷ್ಪಾವತಿ ಕರಾರು ಮುಗಿದು ಊರಿಗೆ ಹೋಗಿಯಾಗಿತ್ತು. ಅಝರುದ್ದೀನ್ ಇನ್ನೂ ಇದ್ದ. ಅವನನ್ನು ಯಾವ ಇಲಾಖೆಯೂ ತೆಗೆದುಕೊಳ್ಳದೆ, ಯಾವ ಇಲಾಖೆಯೂ ತೆಗೆದುಹಾಕದೆ, ಮುದೀರ್ ಕಾರಿಗೆ ಪೆಟ್ರೋಲು ತುಂಬಿಸಲು ಇಟ್ಟುಕೊಂಡಿದ್ದ. ವ್ಯಾನ್ ಎಲ್ಲಿ ಎಂದು ಕೇಳಿದ್ದಕ್ಕೆ, "ರಾಯ್‌ನ ಯಾರ್ಡಿನಲ್ಲಿ ಸಿಸ್ಟರ್, ಧೂಳು ತಿಂತಾ ನಿಂತಿದೆ. ಟೈರು ಕೂತಿದೆ. ನನಗೆ ಬೀಗದ ಕೈಯೂ ಇಲ್ಲ" ಎಂದ.

ವ್ಯಾನನ್ನು ಹೊರಡಿಸಲು ಏನೇನು ಬೇಕೆಂದು ಶರ್ಲಿ ವಿಚಾರಿಸಿದಳು. ಮೂರು ಇಲಾಖೆಗಳ ಒಪ್ಪಿಗೆ ಬೇಕು. ಮೊಲ್ಲಿಯನ್ನು ಕೇಳಿದರೆ ಮೊಲ್ಲಿ ಚಾವಣಿ ನೋಡಿದಳು. ಹಿರಿಯ ಡಾಕ್ಟರು ಒಂದು ಮನವಿ ಬರೆಯಲು ಹೇಳಿದರು. ಮನವಿ ಸಮಿತಿಗೆ ಹೋಗುತ್ತದೆ, ಸಮಿತಿಯಲ್ಲಿ ತನ್ನ ಗಂಡನಂಥವನೊಬ್ಬ ಮಿನಿಟ್ಸ್ ಬರೆಯುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಎರಡು ದಿನ ಹಲ್ಲು ಕಚ್ಚಿಕೊಂಡು ಯೋಚಿಸಿದಳು. ಮೂರನೇ ದಿನ ಸಮವಸ್ತ್ರ ಇಸ್ತ್ರಿ ಮಾಡಿ ತೊಟ್ಟು, ಮುಖಕ್ಕೊಂದು ನಗು ಅಂಟಿಸಿಕೊಂಡು, ಈ ಸಲ ಬಾಗಿಲು ತಟ್ಟಿ ಒಳಗೆ ಹೋದಳು.

"ಸರ್, ನಮ್ಮ ಫೋಟೋದಲ್ಲಿ ಯಾವಾಗಲೂ ಅದೇ ಸಿಂಕು, ಅದೇ ಗೋಡೆ. ಜನರಿಗೆ ಬೋರಾಗಿದೆ."

ಮುದೀರ್ ಮೂರು ಮೊಬೈಲುಗಳಿಂದಲೂ ಕಣ್ಣೆತ್ತಿದ. ಈ ಚಿಂತೆ ಅವನಿಗೂ ಇತ್ತು. ಇತ್ತೀಚೆಗೆ ಲೈಕುಗಳು ಕಡಿಮೆಯಾಗಿದ್ದವು.

"ವಫ್ರಾದಲ್ಲಿ ಹಸಿರುಮನೆಗಳುಂಟು. ಎರಡೂ ಕಡೆ ಟೊಮೆಟೊ ಬಳ್ಳಿ. ನಡುವೆ ನೀವು ಬಿಳಿ ಕೋಟು ಹಾಕಿ, ಒಬ್ಬ ಬಡ ಕೂಲಿಯವನ ಬಿಪಿ ನೋಡ್ತಾ ಇರುವುದು. ತಿಂಗಳಿಗೆ ಎರಡು ಸಲ ಹೀಗೆ ಹೋದ್ರೆ ಒಂದು ಸೀರೀಸ್ ಆಗ್ತದೆ."

"ಅಲ್ಲಿ ಬೆಳಕು ಹೇಗಿರುತ್ತದೆ?" ಎಂದು ಕೇಳಿದ ಮುದೀರ್.

"ಬಂಗಾರ, ಸರ್."

ಹೇಳಿ ಮುಗಿಸುವಾಗ ಅವಳ ನಾಲಿಗೆಯ ಮೇಲೆ ಹಾಗಲಕಾಯಿ ಅರೆದಂತಾಗಿತ್ತು. ಆದರೆ ಅರ್ಧ ವರ್ಷದಲ್ಲಿ ಸಮಿತಿಗೆ ಆಗದ್ದು ಒಂದು ಫೋಟೋದ ಆಸೆಗೆ ಒಂದೇ ಮಧ್ಯಾಹ್ನದಲ್ಲಿ ಆಯಿತು. ಮುದೀರ್ ಎರಡು ಫೋನು ಮಾಡಿದ. ಸಂಜೆಗೆ ವ್ಯಾನಿಗೆ ಹೊಸ ಟೈರು ಬಂತು. ಮಾತ್ರೆ ಬರೆದುಕೊಡಲು ಒಬ್ಬ ಕಿರಿಯ ಡಾಕ್ಟರನ್ನೂ ಕಳುಹಿಸುತ್ತೇನೆಂದ; ಫೋಟೋದಲ್ಲಿ ಹಿಂದೆ ಒಬ್ಬ ನಿಂತಿರಬೇಕಲ್ಲ.

ಅವರು ಹೋದದ್ದು ನವೆಂಬರಿನ ಒಂದು ಶನಿವಾರ, ಶರ್ಲಿಯ ವಾರದ ರಜೆಯಲ್ಲಿ. ಮುದೀರ್ ಸ್ವಂತ ಕಾರಿನಲ್ಲಿ ಹಿಂದೆ ಬಂದ. ಎರವಲು ಬಿಳಿ ಕೋಟು ತೊಟ್ಟ. ಸ್ಟೆತಸ್ಕೋಪನ್ನು ಕಿವಿಗೆ ಹಾಕದೆ ಕೊರಳಿಗೆ ಮಾಲೆಯಂತೆ ಹಾಕಿಕೊಂಡ. ಒಬ್ಬ ಕೂಲಿಯವನ ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ಗಾಳಿ ಊದದೆ, ಮುಖವನ್ನು ಎಡಕ್ಕೆ ವಾಲಿಸಿದ. ಇನ್ನೊಬ್ಬನ ಕೈಗೆ ಟೊಮೆಟೊ ಗೊಂಚಲು ಕೊಟ್ಟು, ಅದು ಸಣ್ಣದಾಯಿತೆಂದು ದೊಡ್ಡದು ಕೊಡಿಸಿದ. ಫ್ರೆಡ್ರಿಕ್ ಮಣ್ಣಿನಲ್ಲಿ ಮೊಣಕಾಲೂರಿ ಫೋಟೋ ತೆಗೆದ. ಎಲ್ಲ ಮುಗಿದ ಮೇಲೆ ಮುದೀರ್ ಬೂಟಿನ ಧೂಳು ಒರೆಸಿಕೊಂಡು, ಕೈಗೆ ಸ್ಯಾನಿಟೈಸರ್ ಸುರಿದುಕೊಂಡು, ಫ್ರೆಡ್ರಿಕ್‌ನನ್ನು ಕೂರಿಸಿಕೊಂಡು ಹೊರಟುಹೋದ. ಕಾರು ಮರೆಯಾಗುವವರೆಗೂ ಕೂಲಿಯವರು ಮರ್ಯಾದೆಗೆ ನಿಂತೇ ಇದ್ದರು.

"ಹೋಯ್ತು ಶನಿ," ಎಂದಳು ಶರ್ಲಿ. "ಅಂಗಿಯ ಕೈ ಮೇಲೆ ಮಾಡಿ ಎಲ್ಲರೂ."

ಪಕ್ಕದ ತೋಟಗಳಿಂದಲೂ ಜನ ಬಂದರು. ವ್ಯಾನನ್ನು ಗುರುತು ಹಿಡಿದು, ಅಝರುದ್ದೀನನ್ನು ಹೆಸರು ಹಿಡಿದು ಕರೆಯುತ್ತಾ ಬಂದರು. ಇಷ್ಟು ತಿಂಗಳು ಎಲ್ಲಿ ಹೋಗಿದ್ದಿರಿ ಎಂದು ಯಾರೂ ಜಗಳವಾಡಲಿಲ್ಲ. ಅವಳಿಗೆ ಅದೇ ಹೆಚ್ಚು ಸಿಟ್ಟು ತರಿಸಿತು. ಕಿರಿಯ ಡಾಕ್ಟರು ಮಾತ್ರೆ ಬರೆದು ಬರೆದು ಕೈ ಸೋತ. ಹಸೈನಾರ್‌ನ ಹಾದಿಯಲ್ಲೇ ಅರ್ಧ ನಡೆದವರು ಆ ಒಂದೇ ದಿನ ಏಳು ಮಂದಿ ಸಿಕ್ಕಿದರು.

ಹಸೈನಾರ್ ಡಿಸೆಂಬರಿನಲ್ಲಿ ಊರಿಗೆ ಹೊರಟ. ವಾ‌ರಕ್ಕೆ ಮೂರು ದಿನ ಯಂತ್ರಕ್ಕೆ ಕಟ್ಟಿಸಿಕೊಳ್ಳುವವನು ತೋಟದ ಕೆಲಸಕ್ಕೆ ಬರುವುದಿಲ್ಲ; ಕೆಲಸಕ್ಕೆ ಬರದವನಿಗೆ ಇಕಾಮಾ ಇಲ್ಲ. ಕಫೀಲ್ ಟಿಕೆಟ್ ಕಳುಹಿಸಿದ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿದ್ದ ತನ್ನ ಕಾಲೇಜಿನ ಗೆಳತಿಗೆ ಫೋನು ಮಾಡಿ ಶರ್ಲಿ ಅವನಿಗೊಂದು ಯಂತ್ರದ ಸರದಿ ಗೊತ್ತು ಮಾಡಿಸಿದಳು. ಹೊರಡುವ ದಿನ ಅವನು ಗಾಲಿಕುರ್ಚಿಯಲ್ಲಿ ಕುಳಿತು ಕೇಳಿದ:

"ವ್ಯಾನ್ ಹೋಗ್ತಾ ಉಂಟಂತಲ್ಲ ಸಿಸ್ಟರ್, ತೋಟಕ್ಕೆ?"

"ಹೋಗ್ತಾ ಉಂಟು."

"ಹಾಗಾದ್ರೆ ಆಯಿತು."

"ಎಂತ ಆಯಿತು?" ಅವಳ ಸ್ವರ ಏರಿತು. "ನಿನ್ನ ಕಿಡ್ನಿ ವಾಪಸ್ ಬಂತಾ? ಆಯಿತಂತೆ! ಯಾರಿಗಾದ್ರೂ ಎರಡು ಬೈದು ಹೋಗ್ಲಿಕ್ಕೂ ಆಗುವುದಿಲ್ಲ ನಿಮಗೆ."

ಹಸೈನಾರ್ ನಕ್ಕ. ಅವಳು ನಗಲಿಲ್ಲ. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ಕಾರಿಡಾರಿನ ಸಲೈನ್ ಪೆಟ್ಟಿಗೆಗಳನ್ನು ಸುಮ್ಮಸುಮ್ಮನೆ ಈ ಬದಿಯಿಂದ ಆ ಬದಿಗೆ ಜೋಡಿಸಿಟ್ಟಳು.

ವ್ಯಾನ್ ಈಗಲೂ ಹೋಗುತ್ತದೆ. ಅದರ ಎರಡೂ ಬದಿಗೆ ಮುದೀರ್‌ನ ಮುಖ, ಆಳೆತ್ತರ, ಟೊಮೆಟೊ ಬಳ್ಳಿಗಳ ನಡುವೆ. ಆ ಮುಖದ ಮೇಲೆ ವಫ್ರಾದ ಧೂಳು ಕೂತಾಗ ಒರೆಸಬೇಡ ಎಂದು ಶರ್ಲಿ ಅಝರುದ್ದೀನ್‌ಗೆ ತಾಕೀತು ಮಾಡಿದ್ದಾಳೆ. ಎರಡನೇ ಸಲದ ನಂತರ ಮುದೀರ್ ಸ್ವತಃ ಬರುವುದನ್ನು ಬಿಟ್ಟ, ಫೋಟೋ ಮಾತ್ರ ತಪ್ಪದೆ ಬೇಕೆಂದ. ಹಾಗಾಗಿ ಫ್ರೆಡ್ರಿಕ್ ವ್ಯಾನಿನಲ್ಲಿ ಬರತೊಡಗಿದ. ಮೊದಲೆರಡು ಸಲ ಕ್ಯಾಮೆರಾ ಹಿಡಿದು ನೆರಳಿನಲ್ಲಿ ಕುಳಿತ. ಮೂರನೆಯ ಸಲ ಸಾಲು ಉದ್ದವಿತ್ತು. ಶರ್ಲಿ ಅವನ ಕೈಯಿಂದ ಕ್ಯಾಮೆರಾ ಕಿತ್ತು ಸೀಟಿನ ಮೇಲಿಟ್ಟು, ಸ್ಟೆತಸ್ಕೋಪನ್ನು ಅವನ ಕಿವಿಗೆ ಸಿಕ್ಕಿಸಿದಳು.

"ನನಗೆ ಇದೆಲ್ಲ ಬರುವುದಿಲ್ಲ, ಶರ್ಲು."

"ನಿನಗೆ ಎಂತ ಬರ್ತದೆ ಅಂತ ನಾನು ಕೇಳ್ಲಿಲ್ಲ. ಪಟ್ಟಿ ಕಟ್ಟು. ಅಲ್ಲಿ ಅಲ್ಲ, ಮೇಲೆ. ಈಗ ಗಾಳಿ ಬಿಡು, ನಿಧಾನ. ಕೇಳ್ತದಾ?"

"ಟಕ್ ಟಕ್ ಅಂತ ಎಂತದೋ..."

"ಅದು ಮನುಷ್ಯನ ರಕ್ತ, ಸ್ಲೈಡ್ ಅಲ್ಲ. ಶುರುವಾದ ನಂಬರ್ ಹೇಳು, ನಿಂತ ನಂಬರ್ ಹೇಳು."

ಅವನು ಹೇಳಿದ್ದು ತಪ್ಪು. ಮುಂದಿನವನದ್ದೂ ತಪ್ಪು. ಅವಳು ಪ್ರತಿಯೊಂದನ್ನೂ ಮತ್ತೆ ನೋಡಿ, ಪ್ರತಿ ಸಲವೂ ಸಾಲಿನವರೆಲ್ಲ ಕೇಳುವ ಹಾಗೆ ಬೈದಳು. ಬಿಸಿಲಿಗೆ ಫ್ರೆಡ್ರಿಕ್‌ನ ಕತ್ತು ಕೆಂಪಾಯಿತು. ಟೈಯನ್ನು ಬಿಚ್ಚಿ ಜೇಬಿಗೆ ತುರುಕಿದ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಯುವಕನ ತೋಳಿಗೆ ಪಟ್ಟಿ ಕಟ್ಟಿ, ಕಣ್ಣು ಮುಚ್ಚಿ ಕೇಳಿ, ಅನುಮಾನದಿಂದ ಎರಡು ಅಂಕಿ ಹೇಳಿದ. ಶರ್ಲಿ ಮತ್ತೆ ನೋಡಿದಳು. ಈ ಸಲ ಸರಿಯಿತ್ತು. ಸರಿಯಿರಬಾರದಿತ್ತು, ಅಷ್ಟು ಎತ್ತರದ ಅಂಕಿ.

ಅಷ್ಟರಲ್ಲಿ ತೋಟದ ಗೇಟಿನ ಬಳಿ ಪಿಕಪ್ಪಿನ ಹಾರನ್ ಕೇಳಿಸಿತು. ಮಾಲು ತುಂಬುವ ಹೊತ್ತು. ಯುವಕ ಅಂಗಿಯ ತೋಳು ಇಳಿಸಿಕೊಂಡು, "ಪರ್ವಾ ನಹೀ ಸಿಸ್ಟರ್, ಆಮೇಲೆ ಬರ್ತೇನೆ" ಎಂದು ಎದ್ದ.

"ಕೂತ್ಕೋ!" ಎಂದಳು ಶರ್ಲಿ. ಫ್ರೆಡ್ರಿಕ್‌ನತ್ತ ತಿರುಗಿ, "ಇವನನ್ನು ಏಳ್ಲಿಕ್ಕೆ ಬಿಟ್ಟಿಯೋ, ನಿನ್ನನ್ನು ಇಲ್ಲೇ ಬಿಟ್ಟು ಹೋಗ್ತೇನೆ" ಎಂದಳು. ಫ್ರೆಡ್ರಿಕ್ ಎರಡೂ ಕೈಯಿಂದ ಆ ಯುವಕನ ಹೆಗಲು ಹಿಡಿದು ಕೂರಿಸಿದ. ಹಾರನ್ ಮತ್ತೆ ಕೂಗಿತು. ಶರ್ಲಿ ಸಿಕ್ಕಿಸಲು ಸೆರಗಿಲ್ಲದ ಸೊಂಟಕ್ಕೆ ಕೈಯಿಟ್ಟು, ಧೂಳಿನಲ್ಲಿ ಬೂಟೂರುತ್ತಾ, ಗೇಟಿನ ಕಡೆಗೆ ನಡೆದಳು.